ಸಹಾಯ ಬೇಕು: ರೈಜನ್ 5 2600 ಪ್ರೊಸೆಸರ್ ತೆಗೆದು 5600 ಹಾಕೂದು ಸರಿನಾ?

ಹುಬ್ಬಳ್ಳಿಯವ್ರು ಯಾರಾದ್ರೂ ಹೇಳ್ರಿ. ಬಿ450 ಮದರ್‌ಬೋರ್ಡ್, ರೈಜನ್ 5 2600, ಆರ್‌ಎಕ್ಸ್ 6600 ಕಾರ್ಡ್, 8+8 ಜಿಬಿ ಡಿಡಿಆರ್4. ಗೇಮ್ ಆಡೂವಾಗ 1080ಪಿ ರೆಸಲ್ಯೂಶನ್ ಒಳಗ ಗ್ರಾಫಿಕ್ಸ್ ಕಾರ್ಡ್ ಬಳಕೆ 60% ದಾಟೂದಿಲ್ಲ, ಪ್ರೊಸೆಸರಿನ ಒಂದೆರಡು ಕೋರ್ ಮಾತ್ರ 100% ಮುಟ್ಟತಾವು. 720ಪಿಗೆ ಇಳಿಸಿದ್ರೂ ಎಫ್‌ಪಿಎಸ್ (ಸೆಕೆಂಡಿಗೆ ಬರೂ ಫ್ರೇಮ್) ಏರೂದಿಲ್ಲ. ಅಂದ್ರ ತಡೆ ಪ್ರೊಸೆಸರ್‌ದ. ಎಕ್ಸ್‌ಎಂಪಿ (ರ‍್ಯಾಮ್ ಪೂರ್ತಿ ವೇಗದಾಗ ಓಡಿಸೂ ಸೆಟ್ಟಿಂಗ್) ಆನ್ ಐತಿ, ಬಿಸಿನೂ 75 ಡಿಗ್ರಿ ಒಳಗ.

5600 ಅಂದ್ರ ಅದೇ ಎಎಂ4 ಸಾಕೆಟ್ (ಬೋರ್ಡಿನಾಗ ಚಿಪ್ ಕೂಡೂ ಜಾಗ), ಅದೇ 65 ವ್ಯಾಟ್, ಎಲ್3 ಕ್ಯಾಶ್ (ಚಿಪ್ಪಿನೊಳಗಿನ ವೇಗದ ಮೆಮೊರಿ) 16ರ ಬದಲು 32 ಎಂಬಿ. ಬೋರ್ಡು, ರ‍್ಯಾಮು ಉಳೀತಾವು, ಹಂಗಾಗಿ ಹೊಸ ಸಾಕೆಟ್ ಎಎಂ5ಕ್ಕ ಹೋಗೂದು ಈಗ ದುಂದು ಅನಸ್ತೈತಿ. 5700ಎಕ್ಸ್3ಡಿ ಪ್ರೊಸೆಸರಿನ ಕ್ಯಾಶ್ 96 ಎಂಬಿ, ಖರೆ, ಆದ್ರ ಈ ಕಾರ್ಡಿಗೆ ಅಷ್ಟು ಬೇಕಾ?

ಹಳೇ ಚಿಪ್ ಇರೂವಾಗ್ಲೇ ಬಯೋಸ್ (ಬೋರ್ಡಿನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಆಗಬೇಕು, ಅದೂ ಯುಪಿಎಸ್ ಮ್ಯಾಲೆ. ನಡುವೆ ಕರೆಂಟ್ ಹೋದ್ರ ಬೋರ್ಡ್ ಕೆಡಬಹುದು. 2018ರ ಬಯೋಸ್‌ನಿಂದ ನೇರ ಹೊಸದಕ್ಕ ಹೋಗಬಹುದೋ, ನಡುವಿನ ವರ್ಷನ್ ಹಾಕಬೇಕೋ? ಕೊಪ್ಪಿಕರ್ ರಸ್ತೆ ಕಡೆ ಬಿಲ್, ವಾರಂಟಿ ಸಮೇತ ಬಾಕ್ಸ್ ಪೀಸ್ ಸಿಗತೈತೇನ್ರಿ?