ಸಹಾಯ ಬೇಕು: ಮಕ್ಕಳ ಜೊತೆ ನಾವೂ ಕೈ ಕೊಳೆ ಮಾಡಿಕೊಂಡು ವಿಜ್ಞಾನ ಕಲಿಯುವ ಜಾಗ ಯಾವುದು?

ನಮಸ್ಕಾರ. ಬೆಂಗಳೂರಲ್ಲಿ ಈ ಬೇಸಿಗೆ ರಜೆಗೆ ಅಪ್ಪ-ಅಮ್ಮನೂ ಮಕ್ಕಳ ಜೊತೆ ಕೂತು ಪ್ರಯೋಗ ಮಾಡುವಂಥ ಮ್ಯೂಸಿಯಂ ಕಾರ್ಯಕ್ರಮ ಯಾರಿಗಾದರೂ ಗೊತ್ತಾ? ಮಗಳಿಗೆ 6, ಮಗನಿಗೆ 9.

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂ ಇಬ್ಬರಿಗೂ ಬಹಳ ಇಷ್ಟ. ಗುಂಡಿ ಒತ್ತಿ ನೋಡುವುದು ಅಲ್ಲಿ ಬೇಕಾದಷ್ಟಿದೆ. ಈಗ ಬೇಕಿರುವುದು ಬಟ್ಟೆ ಕೊಳೆಯಾಗುವಂಥದ್ದು. ಮನೆಯಲ್ಲಿ 2 ಲೋಟ ಕಾರ್ನ್‌ಫ್ಲೋರ್‌ಗೆ 1 ಲೋಟ ನೀರು ಹಾಕಿ ಕಲಸಿಕೊಟ್ಟೆ. ಗುದ್ದಿದರೆ ಗಟ್ಟಿ, ಸುಮ್ನೆ ಬೆರಳಿಟ್ಟರೆ ಒಳಗೆ ಇಳಿಯುತ್ತದೆ! ಮಗಳು ಮೊಣಕೈವರೆಗೂ ಬಳಿದುಕೊಂಡು "ಯಾಕಮ್ಮ ಹೀಗೆ?" ಎಂದು ಕೇಳುತ್ತಲೇ ಇದ್ದಳು. ಜೋರಾಗಿ ಒತ್ತಿದಾಗ ಹಿಟ್ಟಿನ ಕಣಗಳು ಒಂದಕ್ಕೊಂದು ಸಿಕ್ಕಿಕೊಳ್ಳುತ್ತವೆ ಎಂದೆ. ತಿಳಿದವರು ಹೇಳಿಕೊಟ್ಟರೆ ಇನ್ನೂ ಚೆನ್ನಾಗಿರುತ್ತದೆ ಅಲ್ವಾ?

ಶುಲ್ಕ ಎಷ್ಟು, ಮೊದಲೇ ಹೆಸರು ಕೊಡಬೇಕಾ, ದಯವಿಟ್ಟು ತಿಳಿಸಿ. ಮೈಸೂರಾದರೂ ಸರಿ, ಅಜ್ಜಿ ಮನೆ ಅಲ್ಲೇ ಇದೆ.