ಪದಚರ್ಚೆ: ಪಾರ್ಸಿಯ ‘ಬುತ್’ಗೆ ಕನ್ನಡದಲ್ಲಿ ಏನು ಹೇಳೋಣ?

ಗೆಳೆಯರೇ,

ಅಫ್ಘಾನಿಸ್ತಾನದ ಬಾಮಿಯಾನದಲ್ಲಿದ್ದ ಎರಡು ಬುದ್ಧರನ್ನು ಹಿಂದಿನ ಕಾಲದ ಮುಸ್ಲಿಂ ಬರಹಗಾರರು ಹೇಗೆ ಕಂಡರು ಅಂತ ಬರೆಯುತ್ತಿದ್ದೇನೆ. ಒಂದು ಪದ ಬಗೆಹರಿಯುತ್ತಿಲ್ಲ.

2001ರಲ್ಲಿ ತಾಲಿಬಾನ್ ಒಡೆದುಹಾಕಿದ ಈ ಪ್ರತಿಮೆಗಳಿಗೆ ಪಾರ್ಸಿಯಲ್ಲಿ ಹಳೆಯ ಹೆಸರುಗಳಿವೆ. 55 ಮೀಟರ್ ಎತ್ತರದ್ದು ಸುರ್ಖ್ ಬುತ್, 38 ಮೀಟರಿನದು ಖಿಂಗ್ ಬುತ್. ಸುರ್ಖ್ ಅಂದರೆ ಕೆಂಪು. ನಮ್ಮ ಗಾರೆ ಕೆಲಸದ ಸುರ್ಕಿಯೂ (ಇಟ್ಟಿಗೆಯ ಪುಡಿ) ಇದೇ ಪದದಿಂದ ಬಂದದ್ದು. ಕನ್ನಂಬಾಡಿ ಕಟ್ಟೆ ಕಟ್ಟಿದ್ದು ಸುರ್ಕಿ ಗಾರೆಯಲ್ಲೇ ಅಲ್ವಾ! ಖಿಂಗ್ ಅಂದರೆ ಬೂದು ಬೆರೆತ ಬಿಳಿ. ಕುದುರೆಯ ಮೈಬಣ್ಣಕ್ಕೆ ಹೇಳುವ ಮಾತು.

ತೊಡಕಿರುವುದು ‘ಬುತ್’ನಲ್ಲಿ. ಬುದ್ಧ ಅನ್ನುವ ಹೆಸರೇ ಪಾರ್ಸಿಗೆ ಹೋಗಿ ಬುತ್ ಆಯಿತು, ಆಮೇಲೆ ಎಲ್ಲ ವಿಗ್ರಹಕ್ಕೂ ಅದೇ ಹೆಸರಾಯಿತು. ಹಾಗಾದರೆ ‘ವಿಗ್ರಹ’ ಅಂತಲೇ ಬರೆಯಬಹುದು. ಆದರೆ ಮುಸ್ಲಿಂ ಬರಹಗಾರ, ವಿಗ್ರಹ ಎಂಬ ಎರಡು ಮಾತು ಅಕ್ಕಪಕ್ಕ ಬಂದರೆ ಓದುಗರ ಮನಸ್ಸು ನೇರ ಸುತ್ತಿಗೆಯ ಕಡೆಗೆ ಓಡುತ್ತದೆ. ಹಳೆಯ ಬರಹಗಳಲ್ಲಿ ಜಾಸ್ತಿ ಕಾಣುವುದು ಬೆರಗು. ಬೆಟ್ಟದ ಬುಡದಿಂದ ತುದಿಯವರೆಗೆ ಕೆತ್ತಿದ ಇವಕ್ಕೆ ಲೋಕದಲ್ಲೇ ಸಾಟಿಯಿಲ್ಲವಂತೆ ಎಂದು 13ನೇ ಶತಮಾನದ ಭೂಗೋಳ ಬರಹಗಾರ ಯಾಕೂತ್ ಬರೆದಿದ್ದಾನೆ. ಅವನಿಗಿಂತ ಮೊದಲೇ, ಘಜ್ನಿಯ ಮಹಮೂದನ ಆಸ್ಥಾನಕವಿ ಉನ್ಸುರಿ ಇವೆರಡರ ಹೆಸರಿನಲ್ಲೇ ಒಂದು ಕಥನಕಾವ್ಯ ಕಟ್ಟಿದ್ದ. ಮಹಮೂದನ ಆಸ್ಥಾನದಲ್ಲಿ! ಆ ಕಾವ್ಯ ಉಳಿದಿಲ್ಲ. ಅದೇ ಕಾಲದ ವಿದ್ವಾಂಸ ಅಲ್ ಬಿರೂನಿ ಕೂಡ ಈ ಎರಡು ಬುತ್‌ಗಳ ಕಥೆಯನ್ನು ಅರಬ್ಬಿಗೆ ತಂದಿದ್ದ, ಅದೂ ಕಳೆದುಹೋಗಿದೆ.

ಇನ್ನೂ ಒಂದು ವಿಷಯ. ಪಾರ್ಸಿ ಕವಿತೆಯಲ್ಲಿ ಚೆಲುವೆಯನ್ನೂ, ಚೆಲುವನನ್ನೂ ಬುತ್ ಅಂತ ಕರೆಯುತ್ತಾರೆ. ಚಂದ್ರನಂಥ ಮುಖದ ಬುತ್ ಅನ್ನುವುದು ಅಲ್ಲಿ ಮೆಚ್ಚುಗೆಯ ಮಾತು. ‘ವಿಗ್ರಹ’ಕ್ಕೆ ಕನ್ನಡದಲ್ಲಿ ಈ ಅರ್ಥ ಬರುವುದಿಲ್ಲ.

ನನ್ನ ಮುಂದೆ ಎರಡು ಪದಗಳಿವೆ. ಒಂದು ‘ಬೊಂಬೆ’. ಬೊಂಬೆ ಹಾಗಿದ್ದಾಳೆ ಅಂತೀವಲ್ಲ, ಆ ಚೆಲುವು ಇದರಲ್ಲಿದೆ. ಕೆಂಬೊಂಬೆ, ಬೆಳ್ಬೊಂಬೆ ಅಂದರೆ ಕಿವಿಗೂ ಹಿತ. ಆದರೆ 55 ಮೀಟರಿನ ಕಲ್ಲಿಗೆ ಬೊಂಬೆ ಅನ್ನುವುದು ತೀರಾ ಚಿಕ್ಕದಾಯಿತು. ಇನ್ನೊಂದು ‘ಪುತ್ಥಳಿ’. ಸರ್ಕಲ್ಲಿನಲ್ಲಿ ನಿಲ್ಲಿಸುವ ದೊಡ್ಡ ಪ್ರತಿಮೆಗೂ ಪುತ್ಥಳಿ ಅಂತೀವಿ, ಚಿನ್ನದ ಪುತ್ಥಳಿಯಂಥ ಹುಡುಗಿ ಅಂತಲೂ ಅಂತೀವಿ. ಸದ್ಯಕ್ಕೆ ನನ್ನ ಒಲವು ಇದರ ಕಡೆಗೆ.

ಒಂದು ಅನುಮಾನ ಮಾತ್ರ ಉಳಿದಿದೆ. ಗಂಡಸಿನ ಚೆಲುವಿಗೆ ‘ಪುತ್ಥಳಿ’ ಬಳಸಿದ್ದನ್ನು ನಿಮ್ಮ ಕಡೆ ಯಾರಾದರೂ ಕೇಳಿದ್ದೀರಾ? ಹಳಗನ್ನಡದಲ್ಲಾಗಲಿ ಆಡುಮಾತಿನಲ್ಲಾಗಲಿ ಅಂಥ ಬಳಕೆ ಗೊತ್ತಿದ್ದರೆ ದಯವಿಟ್ಟು ತಿಳಿಸಿ.