ಜಡ್ಜ್‌ಮೆಂಟ್‌ನಲ್ಲೇ ತಪ್ಪುಗಳಿವೆ, ಶಿಕ್ಷೆ ನಿಲ್ಲುತ್ತಾ?

ಪ್ರಶ್ನೆ:
ಗದ್ದೆ ಬದುವಿನ ಜಗಳದಲ್ಲಿ ನಮ್ಮಣ್ಣನಿಗೆ ಐಪಿಸಿ 324ರಲ್ಲಿ (ಅಪಾಯಕಾರಿ ಆಯುಧದಿಂದ ಗಾಯ ಮಾಡಿದ್ದಕ್ಕೆ) ಒಂದು ವರ್ಷ ಶಿಕ್ಷೆಯಾಗಿದೆ. ಮ್ಯಾಜಿಸ್ಟ್ರೇಟ್ ಕೋರ್ಟಿನ ತೀರ್ಪು. ಅಪೀಲಿಗೆ ಅಂತ ಜಾಮೀನು ಸಿಕ್ಕಿದೆ. ನಿನ್ನೆ ರಾತ್ರಿ ಕಾಪಿ ಓದಿದೆ. ಅಪ್ಪನ ಹೆಸರು ತಪ್ಪಿದೆ. ಗಲಾಟೆಯ ತಾರೀಖು ಒಂದು ಕಡೆ 12, ಇನ್ನೊಂದು ಕಡೆ 21. ಎರಡನೇ ಸಾಕ್ಷಿಯ ಮಾತು ಮೂರನೆಯವರ ಹೆಸರಲ್ಲಿದೆ. ಇಂಥ ತೀರ್ಪು ಬಿದ್ದುಹೋಗುತ್ತೆ ಅಲ್ವಾ? ಅತ್ತಿಗೆ ಬೆಳಗ್ಗೆಯಿಂದ ಇದನ್ನೇ ಕೇಳುತ್ತಿದ್ದಾರೆ.

ಉತ್ತರ (ನಿವೃತ್ತ ಶಿರಸ್ತೇದಾರ್):
ತಮ್ಮಾ, ಅತ್ತಿಗೆಗೆ ಸುಮ್ನೆ ಆಸೆ ಹುಟ್ಟಿಸಬೇಡ. ನಾನು ಕೋರ್ಟಿಗೆ ಟೈಪಿಸ್ಟ್ ಆಗಿ ಸೇರಿದವನು. ಹೆಸರು, ತಾರೀಖು ಎಲ್ಲ ಕೈತಪ್ಪು. ಸಹಿ ಬಿದ್ದ ಮೇಲೆ ಜಡ್ಜ್ ತಮ್ಮ ತೀರ್ಪನ್ನು ತಾವೇ ಬದಲಿಸುವಂತಿಲ್ಲ. ಬರವಣಿಗೆ, ಲೆಕ್ಕದ ತಪ್ಪು ಮಾತ್ರ ತಿದ್ದಬಹುದು. ಕ್ರಿಮಿನಲ್ ಕೇಸು ನಡೆಸುವ ಕಾನೂನಿನಲ್ಲೇ ಇದು ಇದೆ: ಹಳೆಯ ಸಿಆರ್‌ಪಿಸಿಯಲ್ಲಿ ಸೆಕ್ಷನ್ 362, ಈಗಿನ ಬಿಎನ್‌ಎಸ್‌ಎಸ್‌ನಲ್ಲಿ 403. ಅರ್ಜಿ ಕೊಟ್ಟರೆ ತಿದ್ದುತ್ತಾರೆ, ಶಿಕ್ಷೆ ಹಾಗೇ ಇರುತ್ತೆ. ಸಾಕ್ಷಿ ಅದಲುಬದಲಾಗಿದ್ದು ಬೇರೆ ಮಾತು. ಶಿಕ್ಷೆಗೆ ಅದೇ ಆಧಾರವಾಗಿದ್ದರೆ ಅಪೀಲಿನಲ್ಲಿ ಹೇಳಬೇಕು.
ಮೊದಲು ಸಿಆರ್‌ಪಿಸಿ 313ರಲ್ಲಿ ಕೋರ್ಟು ಬರೆದುಕೊಂಡ ಅಣ್ಣನ ಹೇಳಿಕೆ ತೆಗೆದು ನೋಡು. ಅವನ ವಿರುದ್ಧ ಬಂದ ಸಾಕ್ಷ್ಯವನ್ನೆಲ್ಲ ಜಡ್ಜ್ ಅವನ ಮುಂದಿಟ್ಟು ಕೇಳಿರಬೇಕು. ಗಾಯದ ಸರ್ಟಿಫಿಕೇಟ್ ಬಗ್ಗೆ ಕೇಳಿದ್ದಾರಾ?

ಪ್ರಶ್ನೆ ಕೇಳಿದವರು:
ನೋಡಿದೆ ಸಾರ್. ಹನ್ನೊಂದು ಪ್ರಶ್ನೆಗಳಿವೆ. ಎಲ್ಲಕ್ಕೂ ಅಣ್ಣ ‘ಸುಳ್ಳು’ ಅಂದಿದ್ದಾನೆ. ಡಾಕ್ಟರ್ ಬಗ್ಗೆ ಒಂದೂ ಇಲ್ಲ! ಶಿಕ್ಷೆ ಕೊಟ್ಟಿರೋದೇ ಆ ಸರ್ಟಿಫಿಕೇಟ್ ಮೇಲೆ.

ಉತ್ತರ (ಕ್ರಿಮಿನಲ್ ವಕೀಲೆ):
ಶಿರಸ್ತೇದಾರ್ ಸಾರ್ ಸರಿಯಾದ ಜಾಗಕ್ಕೇ ಕೈ ಹಾಕಿದ್ದಾರೆ. ಆದರೆ ಪ್ರಶ್ನೆ ಬಿಟ್ಟಿದ್ದಾರೆ ಅಂದರಷ್ಟೇ ಸಾಲದು. ಅದರಿಂದ ಅಣ್ಣನಿಗೆ ಏನು ನಷ್ಟವಾಯಿತು ಅಂತ ತೋರಿಸಬೇಕು. ಕೇಳಿದ್ದರೆ ಅವನು ಏನು ಹೇಳುತ್ತಿದ್ದ? ಅದನ್ನು ಈಗಲೇ ಬರೆದಿಡಿ. ಮೇಲಿನ ಕೋರ್ಟು ಬಿಟ್ಟ ಪ್ರಶ್ನೆಯನ್ನು ತಾನೇ ಕೇಳಲೂಬಹುದು. ಮೊದಲೇ ಆಕ್ಷೇಪ ಎತ್ತಬಹುದಿತ್ತಾ ಅಂತಲೂ ನೋಡುತ್ತದೆ.
ನಷ್ಟ ತೋರಿಸದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಒಂದು ಹಳೆಯ ಕೇಸು ನೋಡಿ. ವಿಲ್ಲಿ ಸ್ಲೇನಿ ಕೇಸಿನಲ್ಲಿ ಹಾಕಿ ಕೋಲಿನ ಒಂದೇ ಏಟಿಗೆ ಒಬ್ಬ ಸತ್ತಿದ್ದ. ಅಣ್ಣತಮ್ಮ ಇಬ್ಬರ ಮೇಲೂ ಐಪಿಸಿ 302 (ಕೊಲೆ), 34 (ಒಂದೇ ಉದ್ದೇಶದಿಂದ ಕೂಡಿ ಮಾಡಿದ್ದು) ಸೇರಿಸಿ ಚಾರ್ಜ್ ಹಾಕಿದ್ದರು. ಒಬ್ಬ ಬಿಡುಗಡೆಯಾದ. ಇನ್ನೊಬ್ಬನಿಗೆ, ಅಂದರೆ ಸ್ಲೇನಿಗೆ, ಶಿಕ್ಷೆಯಾಯಿತು. ತನ್ನೊಬ್ಬನ ಮೇಲೆ ಪ್ರತ್ಯೇಕವಾಗಿ 302ರ ಚಾರ್ಜೇ ಇರಲಿಲ್ಲ, ಹಾಗಾಗಿ ಶಿಕ್ಷೆ ನಿಲ್ಲದು ಅಂತ ಅವನ ವಾದ. ಅದರಿಂದ ಅವನಿಗೆ ಅನ್ಯಾಯವಾಗಿಲ್ಲ ಅಂತ 1955ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ.
ಸೆಷನ್ಸ್ ಕೋರ್ಟಿಗೆ ಅಪೀಲು 30 ದಿನದೊಳಗೆ ಹೋಗಬೇಕು. ತೀರ್ಪು ಯಾವತ್ತಿನದು?

ಪ್ರಶ್ನೆ ಕೇಳಿದವರು:
ಇವತ್ತಿಗೆ ಹತ್ತೊಂಬತ್ತು ದಿನ ಆಯ್ತು ಮೇಡಂ. ಅಣ್ಣನನ್ನು ಕೂರಿಸಿಕೊಂಡು ಈಗಲೇ ಬರೆಸುತ್ತಿದ್ದೇನೆ.